ಬ್ಯಾಂಡ್ ಜೊತೆ ಒಂದೂವರೆ ತಿಂಗಳು ಬಸ್ಸಲ್ಲೇ ವಾಸ: ನಿದ್ದೆ, ಸ್ನಾನ, ಊಟ ಹೇಗೆ?

ಹೇಮಾ_ಹಂಪಿನಗರ
ನಮ್ಮ ಚಿಕ್ಕಮ್ಮನ ಮಗ ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದಲ್ಲೇ. ಓದು ಮುಗಿಸಿದವನು ಈಗ ಒಂದು ರಾಕ್ ಬ್ಯಾಂಡ್ ಜೊತೆ ಟೂರ್ ಹೊರಟಿದ್ದಾನೆ. ಹಾಡುವುದಕ್ಕಲ್ಲ, ಟೀ ಶರ್ಟ್, ರೆಕಾರ್ಡ್, ಪೋಸ್ಟರ್ ಮಾರುವುದಕ್ಕೆ. ಒಂದೂವರೆ ತಿಂಗಳು ಊರೂರು ಸುತ್ತಾಟ. ಹೋಟೆಲ್ ಇಲ್ಲ, ಬಸ್ಸಲ್ಲೇ ಮಲಗಬೇಕಂತೆ. ಚಿಕ್ಕಮ್ಮ ದಿನಾ ನನಗೆ ಫೋನ್ ಮಾಡುತ್ತಾರೆ. ಸ್ನಾನ ಎಲ್ಲಿ ಮಾಡ್ತಾನೆ, ಅಷ್ಟು ಜನರ ಮಧ್ಯೆ ನಿದ್ದೆ ಹೇಗೆ ಬರುತ್ತೆ, ಕುಡಿತ ಗಿಡಿತ ಜಾಸ್ತಿ ಇರುತ್ತಾ ಅಂತ. ನಾನು ನೋಡಿರುವ ಬ್ಯಾಂಡ್ ಅಂದರೆ ಕಾಲೇಜ್ ಫೆಸ್ಟಿನದು, ಅಷ್ಟೇ. ಅಂಥ ಬಸ್ಸಲ್ಲಿ ಓಡಾಡಿದವರು ಇಲ್ಲಿ ಯಾರಾದರೂ ಇದ್ದೀರಾ?

ಲಾಸ್ಟ್‌ಬೆಂಚ್
ಬೆಂಗಳೂರು–ಬೀದರ್ ಸ್ಲೀಪರ್‌ನಲ್ಲಿ ಹೋಗಿದ್ದೀರಾ ಮೇಡಂ? ಅದೇ. ಜೊತೆಗೆ ಗಿಟಾರ್.

ಮಿಕ್ಸರ್_ಹಿಂದೆ
ನಾನು ಸೌಂಡ್ ಕೆಲಸದವನು. ಅಮೆರಿಕ, ಕೆನಡಾ, ಯುರೋಪ್ ಕಡೆ ಬೇರೆ ಬೇರೆ ಬ್ಯಾಂಡ್‌ಗಳ ಜೊತೆ ಇಂಥ ಬಸ್ಸುಗಳಲ್ಲಿ ತಿರುಗಿದ್ದೇನೆ. ಈಗ ಮೈಸೂರಲ್ಲಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಬಸ್ಸಿನ ಒಳಗೆ. ಅಮೆರಿಕದಲ್ಲಿ ಹೆಚ್ಚಾಗಿ 45 ಅಡಿ ಉದ್ದದ ಪ್ರೆವೋ ಬಸ್. ಕೆನಡಾದ ಕ್ವಿಬೆಕ್‌ನಲ್ಲಿ ತಯಾರಾಗುತ್ತದೆ. ಖಾಲಿ ಬಸ್ ತಂದು ಒಳಗಡೆ ಮನೆ ಕಟ್ಟಿಸಿ ಬಾಡಿಗೆಗೆ ಕೊಡುವ ಕಂಪನಿಗಳೇ ಬೇರೆ ಇವೆ. ಅವುಗಳ ದೊಡ್ಡ ಅಡ್ಡಾ ನ್ಯಾಶ್‌ವಿಲ್. ಹತ್ತಿದ ತಕ್ಷಣ ಫ್ರಂಟ್ ಲೌಂಜ್: ಎರಡು ಸೋಫಾ, ಒಂದು ಟೇಬಲ್, ಫ್ರಿಜ್, ಮೈಕ್ರೋವೇವ್, ಒಂದು ಪುಟ್ಟ ಟಾಯ್ಲೆಟ್. ಮಧ್ಯದಲ್ಲಿ ಬಂಕ್‌ಗಳು, ಅಂದರೆ ಮಲಗುವ ಬರ್ತ್‌ಗಳು. ಎರಡೂ ಬದಿಗೆ ಮೂರು ಮೂರು ಅಂತಸ್ತು, ಸಾಮಾನ್ಯವಾಗಿ ಒಟ್ಟು 12. ಹಿಂದೆ ಇನ್ನೊಂದು ಲೌಂಜ್. ಮುಂದಿನ ಲೌಂಜ್‌ಗೂ ಬಂಕ್‌ಗಳಿಗೂ ನಡುವೆ ಬಾಗಿಲು ಇರುತ್ತದೆ. ಆ ಬಾಗಿಲು ದಾಟಿದ ಮೇಲೆ ಯಾರೂ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ, ಮಧ್ಯಾಹ್ನ 12 ಗಂಟೆ ಆಗಿದ್ದರೂ.

ಬಂಕ್‌ನಲ್ಲಿ ಎದ್ದು ಕೂರಲು ಆಗುವುದಿಲ್ಲ. ಮೊಣಕೈ ಊರಿ ಅರ್ಧ ಏಳಬಹುದು. ಒಂದು ಲೈಟು, ಒಂದು ಪ್ಲಗ್, ತಲೆ ಹತ್ತಿರ ಎಸಿ ಗಾಳಿಯ ತೂತು, ದಪ್ಪ ಪರದೆ. ಪರದೆ ಎಳೆದಿದ್ದರೆ ಒಳಗಿರುವವನು ಈ ಲೋಕದಲ್ಲಿ ಇಲ್ಲ ಅಂತಲೇ ಲೆಕ್ಕ. ಬೆಂಕಿ ಬಿದ್ದರೆ ಮಾತ್ರ ಎಬ್ಬಿಸಬೇಕು. ಅಲಾರಂ ಜೋರಾಗಿ ಇಡುವವನನ್ನು ಎರಡನೇ ದಿನಕ್ಕೆ ಎಲ್ಲರೂ ದ್ವೇಷಿಸಲು ಶುರು ಮಾಡುತ್ತಾರೆ.

ಹುಡುಗನಿಗೆ ಹೇಳಿ, ಆಯ್ಕೆ ಸಿಕ್ಕರೆ ಮಧ್ಯದ ಅಂತಸ್ತು ತಗೋಳಲಿ. ಮೇಲಿನದು ತಿರುವಿನಲ್ಲಿ ತೂಗಾಡುತ್ತದೆ. ಕೆಳಗಿನದರಲ್ಲಿ ಚಕ್ರದ ಸದ್ದು ಕಿವಿಗೇ ಬರುತ್ತದೆ. ಆದರೆ ಹೊಸಬನಿಗೆ ಆಯ್ಕೆ ಸಿಗುವುದಿಲ್ಲ ಬಿಡಿ. ಮಲಗುವಾಗ ಕಾಲು ಡ್ರೈವರ್ ಕಡೆ, ತಲೆ ಹಿಂದೆ.

ಉಪ್ಪಿನಕಾಯಿ
ಕಾಲು ಯಾಕೆ ಮುಂದೆ? ವಾಸ್ತುವಾ?

ಮಿಕ್ಸರ್_ಹಿಂದೆ
ಜೋರಾಗಿ ಬ್ರೇಕ್ ಹಾಕಿದರೆ ಮೈ ಮುಂದಕ್ಕೆ ಜಾರುತ್ತದೆ. ಕಾಲು ಮುಂದಿದ್ದರೆ ಪಾದ ಹೋಗಿ ಗೋಡೆಗೆ ತಾಗುತ್ತದೆ. ತಲೆ ಮುಂದಿದ್ದರೆ ಏಟು ಕುತ್ತಿಗೆಗೆ.

ಮೆಟಲ್_ಮಂಜ
ಮೆಟಲ್ ಬ್ಯಾಂಡ್ ಮೆಟಾಲಿಕಾದ ಬೇಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡಿದ್ದು ಟೂರ್ ಬಸ್ಸಿನ ಅಪಘಾತದಲ್ಲೇ ಅಲ್ವಾ? 1986ರ ಸೆಪ್ಟೆಂಬರ್ 27, ಬೆಳಗಿನ ಜಾವ. ಹಿಂದಿನ ರಾತ್ರಿ ಸ್ಟಾಕ್‌ಹೋಮ್‌ನಲ್ಲಿ ಶೋ ಮುಗಿಸಿ ಕೋಪನ್‌ಹೇಗನ್ ಕಡೆ ಹೊರಟಿದ್ದರು. ಸ್ವೀಡನ್‌ನ ಡೋರಾರ್ಪ್ ಹತ್ತಿರ ಬಸ್ ಜಾರಿ ಮಗುಚಿತು. ಅವನು ಕಿಟಕಿಯಿಂದ ಹೊರಗೆ ಬಿದ್ದ, ಬಸ್ ಅವನ ಮೇಲೆ. 24 ವರ್ಷ. ಯಾವ ಬಂಕ್ ಯಾರಿಗೆ ಅಂತ ಆ ರಾತ್ರಿ ಇಸ್ಪೀಟ್ ಎಲೆ ಎತ್ತಿದ್ದರು ಅಂತ ಬ್ಯಾಂಡಿನ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಹೇಳಿದ್ದಾನೆ. ಕ್ಲಿಫ್‌ಗೆ ಸ್ಪೇಡ್ ಎಕ್ಕ ಬಂತು, ಹ್ಯಾಮೆಟ್ ಮಲಗುತ್ತಿದ್ದ ಬಂಕ್ ತಗೊಂಡ. ಆ ಜಾಗದಲ್ಲಿ ಈಗ ಒಂದು ಸ್ಮಾರಕ ಕಲ್ಲು ಇದೆ.

ಉಪ್ಪಿನಕಾಯಿ
ಅದಕ್ಕೂ ಕಾಲು ಮುಂದಿಡುವುದಕ್ಕೂ ಏನು ಸಂಬಂಧ ಮಂಜ? ಅದು ಪಕ್ಕಕ್ಕೆ ಮಗುಚಿದ್ದು. ಪಾಪ ಹೇಮಾ ಅವರು ಚಿಕ್ಕಮ್ಮನಿಗೆ ಧೈರ್ಯ ಹೇಳೋಕೆ ಅಂತ ಕೇಳಿದರೆ ನೀನು ಇದನ್ನ ಹೇಳ್ತಿದ್ದೀಯ.

ಹೇಮಾ_ಹಂಪಿನಗರ
ಈ ಪುಟವನ್ನು ಚಿಕ್ಕಮ್ಮನಿಗೆ ಕಳಿಸಲ್ಲ ಬಿಡಿ 😅 ಆದರೂ ಕೇಳಬೇಕು. ರಾತ್ರಿಯಿಡೀ ಒಬ್ಬನೇ ಡ್ರೈವರ್ ಓಡಿಸುತ್ತಾನಾ?

ಮಿಕ್ಸರ್_ಹಿಂದೆ
ಒಳ್ಳೆ ಪ್ರಶ್ನೆ. ಬಸ್ಸಲ್ಲಿ ಯಾರ ನಿದ್ದೆ ಕೆಟ್ಟರೂ ನಡೆಯುತ್ತದೆ, ಡ್ರೈವರ್ ನಿದ್ದೆ ಕೆಡಬಾರದು. ಇಡೀ ಟೂರ್ ನಿಂತಿರುವುದು ಅದರ ಮೇಲೆ.

ಅಮೆರಿಕದಲ್ಲಿ ಪ್ರಯಾಣಿಕರ ಬಸ್ ಓಡಿಸುವವನು ಸತತ 8 ಗಂಟೆ ರಜೆಯ ನಂತರ ಹೆಚ್ಚೆಂದರೆ 10 ಗಂಟೆ ಸ್ಟೇರಿಂಗ್ ಹಿಡಿಯಬಹುದು. ಅದಕ್ಕೇ ಒಬ್ಬ ಡ್ರೈವರ್‌ಗೆ ಒಂದು ರಾತ್ರಿಗೆ ಸುಮಾರು 450 ಮೈಲಿ, ಅಂದರೆ 720 ಕಿ.ಮೀ. ಅಂತ ಲೆಕ್ಕ ಹಾಕುವುದು ವಾಡಿಕೆ. ಅದಕ್ಕಿಂತ ಜಾಸ್ತಿ ಆದರೆ ಹೆಚ್ಚುವರಿ ದುಡ್ಡು, ಇಲ್ಲ ಎರಡನೇ ಡ್ರೈವರ್. ಯುರೋಪಿನಲ್ಲಿ ಇನ್ನೂ ಬಿಗಿ. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು. ಎಲ್ಲವೂ ಬಸ್ಸಿನ ಟ್ಯಾಕೋಗ್ರಾಫ್ ಅನ್ನುವ ಯಂತ್ರದಲ್ಲಿ ದಾಖಲಾಗುತ್ತದೆ. ‘ಇನ್ನೇನು 20 ಕಿಲೋಮೀಟರ್, ಹೋಗೋಣ ಬಾ ಗುರು’ ಅಂದರೆ ನಡೆಯಲ್ಲ.

ಬೆಳಗ್ಗೆ ಊರು ತಲುಪಿ ಬಸ್ ನಿಲ್ಲಿಸಿ, ಕರೆಂಟ್ ಕೇಬಲ್ ಸಿಕ್ಕಿಸಿ, ಡ್ರೈವರ್ ಟ್ಯಾಕ್ಸಿ ಹಿಡಿದು ಹೋಟೆಲಿಗೆ ಹೋಗುತ್ತಾನೆ. ಅವನಿಗೆ ಮಾತ್ರ ದಿನಾ ರೂಮು. ನಾವು ಕಣ್ಣುಜ್ಜಿಕೊಂಡು ಏಳುವ ಹೊತ್ತಿಗೆ ಅವನು ಪರದೆ ಎಳೆದು ಮಲಗಿರುತ್ತಾನೆ. ಎಷ್ಟೋ ಟೂರ್‌ಗಳಲ್ಲಿ ಡ್ರೈವರ್ ಜೊತೆ ನೆಟ್ಟಗೆ ಮಾತಾಡಿದ್ದು ಆಫ್ ಡೇ, ಅಂದರೆ ಶೋ ಇಲ್ಲದ ದಿನಗಳಲ್ಲಿ ಮಾತ್ರ. ಹುಡುಗ ನಿದ್ದೆ ಬಾರದೆ ಮುಂದೆ ಬಂದು ಕೂತರೆ ಸುಮ್ನೆ ಕೂರಲಿ. ಮಾತು ಬೇಕಾ ಬೇಡವಾ ಅನ್ನುವುದನ್ನು ಡ್ರೈವರ್‌ಗೆ ಬಿಡಲಿ.

ಗುಡ್ಡೆಹೊಸೂರು_ಗೌಡ
ಅಲ್ಲಾ ಸ್ವಾಮಿ, ಹಗಲು ಹೊತ್ತು ಹೋದರೆ ಆಗಲ್ವಾ? ರಾತ್ರಿಯೇ ಯಾಕೆ?

ಮಿಕ್ಸರ್_ಹಿಂದೆ
ಹಗಲು ಕೆಲಸ ಇದೆಯಲ್ಲ ಗೌಡ್ರೇ. ಮಧ್ಯಮ ಗಾತ್ರದ ಬ್ಯಾಂಡಿನ ಒಂದು ದಿನ ಹೀಗಿರುತ್ತದೆ. ಲೌಂಜಿನ ಗೋಡೆಗೆ ಟೂರ್ ಮ್ಯಾನೇಜರ್ ಒಂದು ಹಾಳೆ ಅಂಟಿಸಿರುತ್ತಾನೆ, ಡೇ ಶೀಟ್. ಇವತ್ತು ಯಾವ ಊರು ಅಂತ ಗೊತ್ತಾಗುವುದೇ ಅದನ್ನು ನೋಡಿ. ಬೆಳಗ್ಗೆ 8ರ ಸುಮಾರಿಗೆ ಬಸ್ ವೆನ್ಯೂ, ಅಂದರೆ ಶೋ ನಡೆಯುವ ಜಾಗದ ಹಿಂದಿನ ಗಲ್ಲಿಯಲ್ಲಿ ನಿಂತಿರುತ್ತದೆ. 11 ಗಂಟೆಗೋ 12ಕ್ಕೋ ಲೋಡ್ ಇನ್. ಅಂದರೆ ಬಸ್ಸಿನ ಹಿಂದೆ ಕಟ್ಟಿದ ಟ್ರೇಲರಿಂದ ಪೆಟ್ಟಿಗೆಗಳನ್ನು ಇಳಿಸಿ ಒಳಗೆ ತಳ್ಳುವುದು. 3ಕ್ಕೆ ಸೌಂಡ್ ಚೆಕ್. ಆಮೇಲೆ ನಮ್ಮವರಿಗಿಂತ ಮೊದಲು ನುಡಿಸುವ ಓಪನಿಂಗ್ ಬ್ಯಾಂಡಿನವರ ಚೆಕ್. 7ಕ್ಕೆ ಬಾಗಿಲು ತೆರೆಯುತ್ತಾರೆ. 9ಕ್ಕೆ ನಮ್ಮವರ ಶೋ, ಒಂದೂವರೆ ಗಂಟೆ. ಮುಗಿದ ಕೂಡಲೇ ಅದೇ ಪೆಟ್ಟಿಗೆಗಳು ವಾಪಸ್ ಟ್ರೇಲರಿಗೆ. 1 ಗಂಟೆಗೆ ಬಸ್ ಕಾಲ್, ಅಷ್ಟರೊಳಗೆ ಎಲ್ಲರೂ ಹತ್ತಿರಬೇಕು. ಜನ ನೋಡುವುದು ಆ ಒಂದೂವರೆ ಗಂಟೆ. ಉಳಿದಿದ್ದೆಲ್ಲ ಹೊರುವುದು, ಕಾಯುವುದು, ಮತ್ತೆ ಹೊರುವುದು.

ಮರ್ಚ್, ಅಂದರೆ ಟೀ ಶರ್ಟ್ ಪೋಸ್ಟರ್ ಮಾರುವ ಹುಡುಗನ ಕಷ್ಟ ಬೇರೆ. ಬಾಗಿಲು ತೆರೆಯುವ ಮೊದಲು ಪ್ರತಿ ಡಿಸೈನು, ಪ್ರತಿ ಸೈಜು ಎಣಿಸಿ ಬರೆದಿಡಬೇಕು. ಶೋ ಮುಗಿದ ಮೇಲಿನ 20 ನಿಮಿಷದಲ್ಲಿ ನೂಕುನುಗ್ಗಲು. ಆಮೇಲೆ ಮತ್ತೆ ಎಣಿಕೆ, ವೆನ್ಯೂದವರ ಜೊತೆ ಲೆಕ್ಕ. ಬಹಳ ಕಡೆ ಮಾರಾಟದಲ್ಲಿ ವೆನ್ಯೂಗೂ ಪಾಲು ಹೋಗುತ್ತದೆ. ಬ್ಯಾಂಡ್‌ಗಳು ವರ್ಷಗಟ್ಟಲೆ ಗಲಾಟೆ ಮಾಡಿದ ಮೇಲೆ 2023ರಲ್ಲಿ ಲೈವ್ ನೇಶನ್ ಅನ್ನುವ ದೊಡ್ಡ ಶೋ ಕಂಪನಿ ತನ್ನ ಹಲವು ಕ್ಲಬ್‌ಗಳಲ್ಲಿ ಆ ಪಾಲು ತೆಗೆದುಕೊಳ್ಳುವುದನ್ನು ಬಿಟ್ಟಿತು. ಕೆನಡಾ ಗಡಿ ದಾಟುವುದಿದ್ದರೆ ರಾತ್ರಿ 3 ಗಂಟೆಗೆ ಎದ್ದು ಪಾಸ್‌ಪೋರ್ಟ್ ಹಿಡಿದು ನಿಲ್ಲಬೇಕು. ಟೀ ಶರ್ಟ್ ಎಷ್ಟಿದೆ ಅನ್ನುವ ಪಟ್ಟಿ ಕೊಡಬೇಕಾದವನೂ ಇವನೇ. ಲೆಕ್ಕದಲ್ಲಿ ಚುರುಕಿದ್ದಾನಾ?

ಹೇಮಾ_ಹಂಪಿನಗರ
ಲೆಕ್ಕದಲ್ಲಿ ಚುರುಕು. ಬೆಳಗ್ಗೆ ಏಳುವುದರಲ್ಲಿ ಇಲ್ಲ.

ಕುಂದಾಪುರ_ಚೌಕಿ
ಓದುತ್ತಾ ನಮ್ಮಪ್ಪನ ಯಕ್ಷಗಾನ ಮೇಳದ ತಿರುಗಾಟವೇ ಕಣ್ಣ ಮುಂದೆ ಬಂತು. ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿದರೆ ಮೇ ಕೊನೆಯ ಪತ್ತನಾಜೆವರೆಗೆ ದಿನಕ್ಕೊಂದು ಊರು. ಸಾಮಾನಿಗೆ ಲಾರಿ, ಕಲಾವಿದರಿಗೆ ಬಸ್ಸು. ಆದರೆ ಗಡಿಯಾರ ಉಲ್ಟಾ. ಅಲ್ಲಿ ಆಟ ಮುಗಿದು ರಾತ್ರಿ ಬಸ್ಸಲ್ಲಿ ನಿದ್ದೆ. ಇಲ್ಲಿ ರಾತ್ರಿಯಿಡೀ ಆಟ, ಬೆಳಗ್ಗೆ ಬಣ್ಣ ತೆಗೆದು ಮುಂದಿನ ಊರಿಗೆ ಹೋಗಿ ಹಗಲು ನಿದ್ದೆ. ಶಾಲೆ ಜಗಲಿಯೋ, ಯಾರದೋ ಮನೆ ಚಾವಡಿಯೋ, ಸಿಕ್ಕಲ್ಲಿ ಚಾಪೆ. ಈಗ ನಡುರಾತ್ರಿಗೇ ಮುಗಿಯುವ ಕಾಲಮಿತಿ ಆಟ ಬಂದು ಎಷ್ಟೋ ಕಲಾವಿದರು ಬೈಕಿನಲ್ಲಿ ರಾತ್ರಿಯೇ ಮನೆಗೆ ಹೋಗುತ್ತಾರೆ. ನನಗೇನೋ ಬಸ್ಸೇ ವಾಸಿ ಅನ್ನಿಸುತ್ತದೆ. ಕೆಲಸ ಮಾಡಿ ಸುಸ್ತಾದವನು ನಡುರಾತ್ರಿ ತಾನೇ ಗಾಡಿ ಓಡಿಸಬಾರದು.

ಮಿಕ್ಸರ್_ಹಿಂದೆ
ನೂರಕ್ಕೆ ನೂರು. ರಾಕ್ ಬ್ಯಾಂಡ್‌ಗಳಲ್ಲೂ ಸಣ್ಣವರ ಗತಿ ಅದೇ. ಬಸ್ಸಿಗೆ ಬಾಡಿಗೆ, ಡ್ರೈವರ್, ಡೀಸೆಲ್ ಎಲ್ಲ ಸೇರಿ ದಿನಕ್ಕೆ ಸಾವಿರ ಡಾಲರ್ ದಾಟುತ್ತದೆ. ಶೋ ಇಲ್ಲದ ದಿನವೂ ಕೊಡಬೇಕು. ಅಷ್ಟು ದುಡ್ಡಿಲ್ಲದವರು 15 ಸೀಟಿನ ವ್ಯಾನಿಗೆ ಟ್ರೇಲರ್ ಕಟ್ಟಿಕೊಂಡು ಹೋಗುತ್ತಾರೆ. ಡ್ರಮ್ ಬಾರಿಸಿದವನೇ ರಾತ್ರಿ 2 ಗಂಟೆಗೆ ಸ್ಟೇರಿಂಗ್ ಹಿಡಿಯುತ್ತಾನೆ. ಬೆಳಗ್ಗೆ ಎದ್ದು ನೋಡಿದರೆ ಟ್ರೇಲರೇ ಮಾಯ ಆಗಿರುವ ಕಥೆ ಪ್ರತಿಯೊಂದು ಬ್ಯಾಂಡ್ ಹತ್ತಿರವೂ ಒಂದಿರುತ್ತದೆ. ಬಸ್ಸು ಸಿಕ್ಕಿದೆ ಅಂದರೆ ಆ ಹುಡುಗ ಅದೃಷ್ಟವಂತ.

ಉಪ್ಪಿನಕಾಯಿ
ಸ್ನಾನದ ವಿಷಯ ಇನ್ನೂ ಬಂದಿಲ್ಲ. ಟಾಯ್ಲೆಟ್ ಬಸ್ಸಲ್ಲೇ ಇದೆಯಲ್ಲ, ಅದೊಂದು ಅನುಕೂಲ.

ಮಿಕ್ಸರ್_ಹಿಂದೆ
ಅರ್ಧ ಅನುಕೂಲ 😀 ಬಸ್ಸಿನ ಟಾಯ್ಲೆಟ್ ಒಂದಕ್ಕೆ ಮಾತ್ರ. ಎರಡಕ್ಕೆ ಖಡಾಖಂಡಿತ ಇಲ್ಲ. ಪೇಪರ್ ಕೂಡ ಹಾಕುವ ಹಾಗಿಲ್ಲ. ಟ್ಯಾಂಕು ಬಸ್ಸಿನ ಹೊಟ್ಟೆಯಲ್ಲೇ ಇರುತ್ತದೆ. ಒಬ್ಬ ನಿಯಮ ಮುರಿದರೆ 12 ಜನ ಅನುಭವಿಸಬೇಕು. ರಾತ್ರಿ ತಡೆಯಲಾಗದಿದ್ದರೆ ಡ್ರೈವರ್‌ಗೆ ಮೆಲ್ಲಗೆ ಹೇಳಿದರೆ ಮುಂದಿನ ಟ್ರಕ್ ಸ್ಟಾಪಲ್ಲಿ ನಿಲ್ಲಿಸುತ್ತಾನೆ. ನಾಚಿಕೆ ಪಡಬಾರದು. ಎಲ್ಲರಿಗೂ ಒಂದು ದಿನ ಬರುತ್ತದೆ.

ಸ್ನಾನಕ್ಕೆ ವೆನ್ಯೂಗಳಲ್ಲಿ ಶವರ್ ಇರುತ್ತದೆ. ಕೆಲವು ಕಡೆ ಬಿಸಿನೀರು ಮೊದಲ ಮೂರು ಜನಕ್ಕೆ ಮುಗಿದುಹೋಗುತ್ತದೆ. ಹಳೆಯ ಕ್ಲಬ್‌ಗಳ ಶವರ್ ಒಳಗೆ ಚಪ್ಪಲಿ ಇಲ್ಲದೆ ಕಾಲಿಡಬಾರದು. ಅದೂ ಇಲ್ಲದಿದ್ದರೆ ಟ್ರಕ್ ಸ್ಟಾಪ್. ಪೈಲಟ್, ಲವ್ಸ್ ಅನ್ನುವ ಕಂಪನಿಗಳ ಟ್ರಕ್ ಸ್ಟಾಪಲ್ಲಿ ದುಡ್ಡು ಕೊಟ್ಟರೆ ಬೀಗ ಹಾಕಿಕೊಳ್ಳುವ ಸ್ನಾನದ ಕೋಣೆ, ಟವೆಲ್ ಕೊಡುತ್ತಾರೆ. ನಿಜ ಹೇಳಬೇಕೆಂದರೆ ಬಹಳಷ್ಟು ವೆನ್ಯೂಗಳಿಗಿಂತ ಅವೇ ಚೊಕ್ಕಟ. ಚಿಕ್ಕಮ್ಮನಿಗೆ ಹೇಳಿ, ದಿನಾ ಸ್ನಾನ ಅಂತ ಲೆಕ್ಕ ಹಾಕಬೇಡಿ.

ಮೆಟಲ್_ಮಂಜ
ಟ್ಯಾಂಕ್ ಅಂದ ಮೇಲೆ ಚಿಕಾಗೋ ಕಥೆ ಹೇಳದೆ ಇದ್ದರೆ ಹೇಗೆ! 2004ರ ಆಗಸ್ಟ್ 8. ಡೇವ್ ಮ್ಯಾಥ್ಯೂಸ್ ಬ್ಯಾಂಡಿನ ಒಂದು ಬಸ್, ಒಳಗೆ ಡ್ರೈವರ್ ಒಬ್ಬನೇ. ಚಿಕಾಗೋ ನದಿಯ ಕಿನ್ಸೀ ಸ್ಟ್ರೀಟ್ ಸೇತುವೆ ಮೇಲೆ ಹೋಗುವಾಗ ಟ್ಯಾಂಕ್ ತೆರೆದುಬಿಟ್ಟ. ಆ ಸೇತುವೆಯ ನೆಲ ಕಬ್ಬಿಣದ ಜಾಲರಿ. ಕೆಳಗೆ ನೋಡಿದರೆ ಊರಿನ ಕಟ್ಟಡಗಳನ್ನು ತೋರಿಸುವ ಪ್ರವಾಸಿ ದೋಣಿ, ಜನ ತಲೆ ಎತ್ತಿ ನೋಡುತ್ತಾ ಕೂತಿದ್ದಾರೆ. ಸುಮಾರು 360 ಕಿಲೋ. ಡ್ರೈವರ್ ಕೋರ್ಟಲ್ಲಿ ತಪ್ಪು ಒಪ್ಪಿಕೊಂಡ, 10,000 ಡಾಲರ್ ದಂಡ ಬಿತ್ತು. ಬ್ಯಾಂಡಿನವರು ನದಿ, ಪಾರ್ಕುಗಳಿಗೆ ಅಂತ ದೇಣಿಗೆ ಕೊಟ್ಟರು. ಏನು ಮಾಡಿದರೂ ಹೆಸರಿಗೆ ಅಂಟಿದ್ದು ಹೋಗಲಿಲ್ಲ.

ಲಾಸ್ಟ್‌ಬೆಂಚ್
ಊಟ ಮಾಡ್ತಾ ಓದ್ತಿದ್ದೆ. ಥ್ಯಾಂಕ್ಸ್ ಗುರು.

ಕೀಬೋರ್ಡ್_ಸಿಂಧು
ಹುಡುಗ ಅಂತ ಎಲ್ಲರೂ ಹೀಗೆ ಹೇಳುತ್ತಿದ್ದೀರಿ, ಸರಿ. ನಾನು ಯುರೋಪಿನಲ್ಲಿ ಒಂದು ಬ್ಯಾಂಡ್ ಜೊತೆ ಕೀಬೋರ್ಡ್ ನುಡಿಸಲು ಹೋದಾಗ ಬಸ್ಸಲ್ಲಿ ನಾನೊಬ್ಬಳೇ ಹೆಂಗಸು. ಅಲ್ಲಿನ ಬಸ್ಸುಗಳು ಎರಡು ಅಂತಸ್ತಿನವು, ಮಲಗುವ ಜಾಗ ಮೇಲೆ. ನೈಟ್‌ಲೈನರ್ ಅನ್ನುತ್ತಾರೆ. ಬಟ್ಟೆ ಬದಲಿಸುವುದು ಬಂಕ್ ಒಳಗೇ, ಮಲಗಿಕೊಂಡೇ. ಜೀನ್ಸ್ ಹಾಕುವುದಕ್ಕೆ ಬೆನ್ನು ಎತ್ತಿ, ಹಿಮ್ಮಡಿ ಊರಿ, ತಲೆಯನ್ನು ಮೇಲಿನ ಹಲಗೆಗೆ ಬಡಿಸಿಕೊಳ್ಳದೆ. ಒಂದು ವಾರದಲ್ಲಿ ಕಲಿತೆ. ಆಮೇಲೆ ಜೀನ್ಸೇ ಬಿಟ್ಟೆ.

ಮುಟ್ಟಿನ ದಿನಗಳಲ್ಲಿ ಬಸ್ಸಿನ ಟಾಯ್ಲೆಟ್‌ನಲ್ಲಿ ಏನೂ ಹಾಕುವಂತಿಲ್ಲವಲ್ಲ, ಎಲ್ಲವನ್ನೂ ಕವರಿಗೆ ಕಟ್ಟಿಟ್ಟುಕೊಂಡು ಹೊರಗೆ ಎಸೆಯಬೇಕು. ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಟೂರ್ ಮ್ಯಾನೇಜರ್ ಗಂಡಸಾದರೆ ಅವನಿಗೆ ಹೊಳೆಯುವುದೂ ಇಲ್ಲ. ನಾನು ಮೊದಲ ದಿನವೇ ನೇರವಾಗಿ ಕೇಳಿದೆ. ದಿನಕ್ಕೆ ಅರ್ಧ ಗಂಟೆ ಹಿಂದಿನ ಲೌಂಜ್ ನನಗೆ, ಬಾಗಿಲು ಹಾಕಿಕೊಳ್ಳುತ್ತೇನೆ ಅಂತ. ಕೊಟ್ಟರು. ಕೇಳದಿದ್ದರೆ ಕೊಡುತ್ತಿರಲಿಲ್ಲ.

ಹೇಮಾ_ಹಂಪಿನಗರ
ಸಿಂಧು ಅವರೇ, ಇದು ನನಗೆ ಹೊಳೆದೇ ಇರಲಿಲ್ಲ. ಊಟಕ್ಕೆ ಏನು ಮಾಡುತ್ತಿದ್ದಿರಿ? ನಮ್ಮವನು ಮೊಟ್ಟೆ ಕೂಡ ತಿನ್ನಲ್ಲ.

ಕೀಬೋರ್ಡ್_ಸಿಂಧು
ದೊಡ್ಡ ಟೂರ್ ಆದರೆ ಅಡುಗೆಯವರೇ ಜೊತೆಗಿರುತ್ತಾರೆ. ಇಲ್ಲದಿದ್ದರೆ ರಾತ್ರಿ ಊಟಕ್ಕೆ ಕೈಗೆ ದುಡ್ಡು. ಅದನ್ನು ಬೈಔಟ್ ಅಂತಾರೆ. ಆಫ್ ಡೇಗಳಿಗೆ ಪಿಡಿ, ಅಂದರೆ ದಿನದ ಖರ್ಚಿನ ಹಣ. ಕಷ್ಟ ಬರುವುದು ರಾತ್ರಿ 12ರ ನಂತರ. ಆಗ ಬಸ್ಸಿಗೆ ಬರುವುದು ಪಿಜ್ಜಾ. ಮತ್ತೆ ಪಿಜ್ಜಾ. ಮತ್ತೆ ಪಿಜ್ಜಾ. ನಾನು ಎರಡು ಡಬ್ಬಿ ಚಟ್ನಿಪುಡಿ ತಗೊಂಡು ಹೋಗಿದ್ದೆ. ಬ್ರೆಡ್ಡಿಗೆ ಬೆಣ್ಣೆ, ಮೇಲೆ ಶೇಂಗಾ ಚಟ್ನಿಪುಡಿ. ಒಂದು ರಾತ್ರಿ ಡ್ರಮ್ಮರ್ ಕೇಳಿ ತಿಂದ, ಅಲ್ಲಿಗೆ ನನ್ನ ಡಬ್ಬಿ ಕಥೆ ಮುಗೀತು. ನಿಮ್ಮ ತಮ್ಮನಿಗೆ ಜಾಸ್ತಿಯೇ ಕಟ್ಟಿಕೊಡಿ. ರೈಸ್ ಕುಕ್ಕರ್ ಬೇಡ, ಬಸ್ಸಿನ ಕರೆಂಟ್ ಟ್ರಿಪ್ ಆದರೆ ಎಸಿ ನಿಲ್ಲುತ್ತದೆ. ಆಮೇಲೆ ಅವನ ಜೊತೆ ಯಾರೂ ಮಾತಾಡಲ್ಲ.

ಗುಡ್ಡೆಹೊಸೂರು_ಗೌಡ
ಕುಡಿತದ ಪ್ರಶ್ನೆಗೆ ಎಲ್ಲರೂ ಜಾಣತನದಿಂದ ಉತ್ತರ ಕೊಟ್ಟಿಲ್ಲ 😄

ಮಿಕ್ಸರ್_ಹಿಂದೆ
ಇರುತ್ತದೆ. ಪ್ರೋಗ್ರಾಂ ಇಡುವವರು ಏನೇನು ಒದಗಿಸಬೇಕು ಅನ್ನುವ ಪಟ್ಟಿ ಇರುತ್ತದಲ್ಲ, ರೈಡರ್, ಅದರಲ್ಲೇ ಬಿಯರ್ ಬರೆದಿರುತ್ತದೆ. ಫ್ರಿಜ್ ತುಂಬಾ ಅದೇ. ಆದರೆ ದಿನಾ ಕುಡಿದು ದಿನಾ ಪೆಟ್ಟಿಗೆ ಹೊರುವುದು ಆಗದ ಮಾತು. ವಯಸ್ಸಾದ ಬ್ಯಾಂಡಿನವರ ಬಸ್ಸಲ್ಲಿ ಶೋ ಆದ ಮೇಲೆ ಹರ್ಬಲ್ ಟೀ ಕುಡಿದು ಮಲಗುವವರೇ ಜಾಸ್ತಿ. ಕುಡಿತ ಬಿಟ್ಟವರು ಒಬ್ಬರಿದ್ದರೂ ಇಡೀ ಬಸ್ಸನ್ನೇ ಡ್ರೈ ಮಾಡುವ ಟೂರ್‌ಗಳಿವೆ. ಹೊರಡುವ ಮೊದಲು ಟೂರ್ ಮ್ಯಾನೇಜರನ್ನು ಕೇಳಿದರೆ ಹೇಳುತ್ತಾರೆ.

ನಾನು ಚಿಂತೆ ಮಾಡುವುದು ಬೇರೆಯದಕ್ಕೆ. ವಾರಗಟ್ಟಲೆ ಒಬ್ಬರೇ ಇರಲು ಜಾಗ ಸಿಗುವುದಿಲ್ಲ. ಫೋನಲ್ಲಿ ಅಮ್ಮನ ಹತ್ತಿರ ಅಳಬೇಕು ಅನ್ನಿಸಿದರೂ ಪಾರ್ಕಿಂಗ್ ಜಾಗಕ್ಕೆ ಹೋಗಬೇಕು. ಟೂರ್ ಮುಗಿಸಿ ಮನೆಗೆ ಬಂದ ಮೊದಲ ವಾರ ಇನ್ನೂ ವಿಚಿತ್ರ. ಹಾಸಿಗೆ ಅಲುಗಾಡುವುದಿಲ್ಲ, ಡೇ ಶೀಟ್ ಇಲ್ಲ, ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಆ ವಾರ ಚಿಕ್ಕಮ್ಮ ‘ಮುಂದೇನು ಮಾಡ್ತೀಯ’ ಅಂತ ಕೇಳದಿದ್ದರೆ ದೊಡ್ಡ ಉಪಕಾರ.

ಮೆಟಲ್_ಮಂಜ
ರೈಡರ್ ಅಂದಾಗ ವ್ಯಾನ್ ಹೇಲೆನ್ ಅನ್ನುವ ರಾಕ್ ಬ್ಯಾಂಡಿನವರು ನೆನಪಾಗುತ್ತಾರೆ. 1982ರ ಟೂರ್ ರೈಡರ್‌ನಲ್ಲಿ ‘ಎಂ ಆಂಡ್ ಎಂ ಚಾಕೊಲೇಟ್ ಗುಳಿಗೆ ಬೇಕು, ಆದರೆ ಕಂದು ಬಣ್ಣದ್ದು ಒಂದೂ ಇರಬಾರದು’ ಅಂತ ಹಾಕಿದ್ದರು. ಸೊಕ್ಕು ಅಂತ ಎಲ್ಲರೂ ಬೈದರು. ಸ್ಟೇಜಿನ ಭಾರ, ಕರೆಂಟಿನ ವಿವರಗಳನ್ನೆಲ್ಲ ಪ್ರೋಗ್ರಾಂ ಇಡುವವರು ನಿಜವಾಗಿ ಓದಿದ್ದಾರಾ ಅಂತ ತಿಳಿಯುವ ಉಪಾಯ ಅದು ಅಂತ ಬ್ಯಾಂಡಿನ ಹಾಡುಗಾರ ಡೇವಿಡ್ ಲೀ ರಾತ್ ಆಮೇಲೆ ವಿವರಿಸಿದ. ಬಟ್ಟಲಲ್ಲಿ ಕಂದು ಕಂಡರೆ ಇಡೀ ಸ್ಟೇಜ್ ಮತ್ತೆ ಚೆಕ್.

ಉಪ್ಪಿನಕಾಯಿ
ಮಂಜ, ಈ ಸಲ ಸಂಬಂಧ ಇದೆ. ಒಪ್ಪಿದೆ.

ಹೇಮಾ_ಹಂಪಿನಗರ
ಇನ್ನೊಂದು. ಬಟ್ಟೆ ಒಗೆಯುವುದು?

ಕೀಬೋರ್ಡ್_ಸಿಂಧು
ಆಫ್ ಡೇ ಅಂದರೆ ಊರು ನೋಡುವ ದಿನ ಅಂದುಕೊಂಡಿದ್ದೆ. ಲಾಂಡ್ರಿ ದಿನ ಅದು. ನಾಣ್ಯ ಹಾಕುವ ಮೆಷಿನ್ ಮುಂದೆ ಇಡೀ ಬ್ಯಾಂಡ್ ಸಾಲಾಗಿ ಕೂತಿರುತ್ತದೆ. ಕಪ್ಪು ಬಟ್ಟೆ ಮಾತ್ರ ತಗೊಂಡು ಹೋಗಲಿ, ಎಲ್ಲ ಒಟ್ಟಿಗೆ ಹಾಕಬಹುದು. ಕಾಲುಚೀಲ ಎಷ್ಟು ಬೇಕು ಅಂದುಕೊಂಡಿದ್ದಾನೋ ಅದರ ಎರಡರಷ್ಟು.

ಮಿಕ್ಸರ್_ಹಿಂದೆ
ಲಾಂಡ್ರಿ ಅಂತ ನಗಬೇಡಿ. 1959ರ ಚಳಿಗಾಲದಲ್ಲಿ ರಾಕ್ ಆಂಡ್ ರೋಲ್ ಹಾಡುಗಾರ ಬಡ್ಡಿ ಹಾಲಿ ಮತ್ತು ಜೊತೆಯವರು ಅಮೆರಿಕದ ಮಧ್ಯಪಶ್ಚಿಮದಲ್ಲಿ ಬಸ್ಸಿನಲ್ಲಿ ಟೂರ್ ಮಾಡುತ್ತಿದ್ದರು. ಬಸ್ಸುಗಳು ಒಂದಾದ ಮೇಲೊಂದು ಕೆಟ್ಟವು, ಹೀಟರ್ ಕೆಲಸ ಮಾಡುತ್ತಿರಲಿಲ್ಲ. ಡ್ರಮ್ಮರ್ ಕಾರ್ಲ್ ಬಂಚ್ ಪಾದಗಳು ಚಳಿಗೆ ಮರಗಟ್ಟಿ ಅವನು ಆಸ್ಪತ್ರೆ ಸೇರಿದ. ಫೆಬ್ರವರಿ 2ರ ರಾತ್ರಿ ಅಯೋವಾದ ಕ್ಲಿಯರ್ ಲೇಕ್‌ನಲ್ಲಿ ಶೋ ಇತ್ತು. ಮುಗಿದ ಮೇಲೆ ಹಾಲಿ ಒಂದು ಸಣ್ಣ ವಿಮಾನ ಗೊತ್ತು ಮಾಡಿದ. ಬೇಗ ಹೋಗಿ ಸ್ವಲ್ಪ ಮಲಗಬಹುದು, ಬಟ್ಟೆ ಒಗೆಸಿಕೊಳ್ಳಬಹುದು ಅನ್ನುವುದು ಅವನ ಆಸೆ. ಹಾಲಿಯ ಬೇಸ್ ವಾದಕ ವೇಲನ್ ಜೆನ್ನಿಂಗ್ಸ್ ತನ್ನ ಸೀಟನ್ನು ಜ್ವರ ಬಂದಿದ್ದ ಇನ್ನೊಬ್ಬ ಹಾಡುಗಾರ ಜೆ.ಪಿ. ರಿಚರ್ಡ್‌ಸನ್‌ಗೆ ಬಿಟ್ಟುಕೊಟ್ಟ. ವಿಮಾನ ಸ್ವಲ್ಪ ಹೊತ್ತಿಗೇ ಬಿತ್ತು. ಹಾಲಿ, ರಿಚರ್ಡ್‌ಸನ್, 17 ವರ್ಷದ ಹಾಡುಗಾರ ರಿಚೀ ವ್ಯಾಲೆನ್ಸ್, ಪೈಲಟ್, ಯಾರೂ ಉಳಿಯಲಿಲ್ಲ. ಎಂಟು ಗಂಟೆ ನಿದ್ದೆ, ಒಣಗಿದ ಕಾಲುಚೀಲ, ಕೆಲಸ ಮಾಡುವ ಹೀಟರ್. ಟೂರ್ ಮ್ಯಾನೇಜರ್ ಒಳ್ಳೆಯವನೋ ಅಲ್ಲವೋ ಅಂತ ನಾನು ಈಗಲೂ ಇವುಗಳಿಂದಲೇ ಅಳೆಯುತ್ತೇನೆ.

ಹೇಮಾ ಅವರೇ, ಕೊನೆಯದೊಂದು ಮರೆಯದೆ ಹೇಳಿ. ರಾತ್ರಿ ಬಸ್ ಟ್ರಕ್ ಸ್ಟಾಪಲ್ಲಿ ನಿಂತಾಗ ಹುಡುಗ ಇಳಿದರೆ, ಡ್ರೈವರ್ ಸೀಟ್ ಮೇಲೆ ಏನಾದರೂ ಇಟ್ಟು ಇಳಿಯಲಿ. ಕುತ್ತಿಗೆಗೆ ಹಾಕುವ ಪಾಸ್ ಇಟ್ಟರೆ ಆಯಿತು. ಪರದೆಗಳು ಮುಚ್ಚಿರುತ್ತವೆ, ಯಾರು ಒಳಗಿದ್ದಾರೆ ಯಾರು ಇಲ್ಲ ಡ್ರೈವರ್‌ಗೆ ಗೊತ್ತಾಗಲ್ಲ. ಫೋನ್ ಜೊತೆಗೇ ಇರಲಿ. ಬಂಕಲ್ಲಿ ಫೋನ್ ಬಿಟ್ಟು, ಬರಿಗಾಲಲ್ಲಿ, ನಡುರಾತ್ರಿ ಹೆದ್ದಾರಿ ಪಕ್ಕ ನಿಂತವರನ್ನು ನಾನು ನೋಡಿದ್ದೇನೆ.

ಲಾಸ್ಟ್‌ಬೆಂಚ್
ಪಾಸ್ ಇಲ್ಲದಿದ್ದರೆ ಚಪ್ಪಲಿ ಇಡಬಹುದಾ?

ಮಿಕ್ಸರ್_ಹಿಂದೆ
ಡ್ರೈವರ್ ಸೀಟ್ ಮೇಲೆ ಚಪ್ಪಲಿ ಇಟ್ಟರೆ ಬೇಕಂತಲೇ ಬಿಟ್ಟು ಹೋಗ್ತಾನೆ.